ಮೊಬೈಲಿನ ನಕ್ಷೆ, ಗದಗ ಸೀಮೆಯ ಕಟ್ಟಿಗೆ: ಮನೆಯಲ್ಲೇ ಮೇಜು-ಮಂಚ ಮಾಡುವವರ ತಪ್ಪು ಕಲ್ಪನೆಗಳು

ಮೊಬೈಲಿಗೆ ಇಳಿಸಿಕೊಂಡ ಒಂದು ನಕ್ಷೆ, ಕೈಗೊಂದು ಡ್ರಿಲ್ ಮಷಿನ್, ಸಾ ಮಿಲ್ಲಿನಿಂದ ತಂದ ನಾಲ್ಕು ಹಲಗೆ. ಇಷ್ಟಿದ್ದರೆ ಮಕ್ಕಳ ಓದುವ ಮೇಜು, ಪುಸ್ತಕದ ಕಪಾಟು, ಮಂಚ ಎಲ್ಲವನ್ನೂ ನಾವೇ ಮಾಡಿಕೊಳ್ಳಬಹುದು ಎಂಬ ಹುಮ್ಮಸ್ಸು ಒಳ್ಳೆಯದು. ಮಾಡಿಕೊಳ್ಳಲೂಬಹುದು. ಆದರೆ ಇಂಥ ನಕ್ಷೆಗಳಲ್ಲಿ ಬಹಳಷ್ಟು ಬರುವುದು ಬೇರೆ ದೇಶದಿಂದ. ಅಲ್ಲಿನ ಹವೆ ಬೇರೆ, ಮರ ಬೇರೆ, ಹಾಸಿಗೆಯ ಅಳತೆಯೂ ಬೇರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಮಳೆಗಾಲ ಹಿಡಿಯಿತೆಂದರೆ ಅದೇ ಗಾಳಿ ತೇವ ಹೊತ್ತು ಬರುತ್ತದೆ. ಈ ಏರಿಳಿತಕ್ಕೆ ತಕ್ಕಂತೆ ನಕ್ಷೆಯನ್ನು ತಿದ್ದಿಕೊಳ್ಳುವುದೇ ಅರ್ಧ ಕೆಲಸ. ಅದನ್ನು ಮಾಡಗೊಡದ ಕೆಲವು ನಂಬಿಕೆಗಳು ನಮ್ಮಲ್ಲಿ ಬೇರೂರಿವೆ.

“ನಕ್ಷ್ಯಾಗ ಇದ್ದಂಗ ಕೊಯ್ದ್ರ ಆತು”

ಮೊದಲ ಪೆಟ್ಟು ಬೀಳುವುದು ಇಲ್ಲೇ. ಅಮೆರಿಕದ ನಕ್ಷೆಯಲ್ಲಿ “2×4” ಎಂದು ಬರೆದ ಪಟ್ಟಿ ನಿಜದಲ್ಲಿ ಎರಡು ಇಂಚು ದಪ್ಪ, ನಾಲ್ಕು ಇಂಚು ಅಗಲ ಇರುವುದಿಲ್ಲ. ಒಣಗಿಸಿ, ರಂದಾ ಹೊಡೆದ ಮೇಲೆ ಅದರ ಅಳತೆ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ನಕ್ಷೆಯ ಉಳಿದ ಅಳತೆಗಳೆಲ್ಲ ಈ ಸಣ್ಣ ಲೆಕ್ಕದ ಮೇಲೆಯೇ ನಿಂತಿರುತ್ತವೆ. ನಮ್ಮ ಮಿಲ್ಲಿನಲ್ಲಿ ಎರಡು-ನಾಲ್ಕು ಎಂದು ಹೇಳಿ ಕೊಯ್ಯಿಸಿ, ನಕ್ಷೆಯಲ್ಲಿದ್ದಂತೆ ಉದ್ದ ಕತ್ತರಿಸಿದರೆ ಯಾವ ಮೂಲೆಯೂ ಕೂಡುವುದಿಲ್ಲ. ನಮ್ಮಲ್ಲಿ ಕೊಯ್ದ ಹಲಗೆ ಎರಡೂ ಮುಖ ರಂದಾ ಆಗುವಷ್ಟರಲ್ಲಿ ಎಷ್ಟು ತೆಳುವಾಗಿರುತ್ತದೋ ಅದೇ ನಿಮ್ಮ ನಿಜವಾದ ದಪ್ಪ. ಆದ್ದರಿಂದ ರಂದಾ ಆದ ಮೇಲೆ ಟೇಪು ಹಿಡಿದು ಅಳೆಯಿರಿ, ಆಮೇಲೆ ನಕ್ಷೆಯ ಅಂಕಿಗಳನ್ನು ತಿದ್ದಿರಿ.

ಮಂಚದ ವಿಷಯವೂ ಹಾಗೆಯೇ. ಅಲ್ಲಿನ “ಕ್ವೀನ್” ಮಂಚ 60×80 ಇಂಚಿನ ಹಾಸಿಗೆಗೆ ಮಾಡಿದ್ದು. ನಮ್ಮ ಅಂಗಡಿಗಳಲ್ಲಿ ಸಿಗುವ ಗಾದಿಗಳು 72, 75 ಅಥವಾ 78 ಇಂಚು ಉದ್ದದವು. ನಕ್ಷೆ ನಂಬಿ ಮಂಚ ಮಾಡಿದರೆ ಕಾಲ್ದೆಸೆಯಲ್ಲಿ ಗಾದಿ ಸಾಲದೆ ಸಂದು ಬೀಳುತ್ತದೆ. ಮೊದಲು ಗಾದಿ, ಆಮೇಲೆ ಮಂಚ ಎಂಬ ಕ್ರಮ ಹಿಡಿದರೆ ಈ ತೊಂದರೆಯೇ ಇಲ್ಲ.

ಎತ್ತರದ ಮಾತು ಇದಕ್ಕಿಂತ ಮುಖ್ಯ. ಜೋಳದ ರೊಟ್ಟಿ ಬಡಿಯುವ ಮನೆಗೆ ಪರದೇಶದ ಅಡುಗೆಮನೆಯ ಮೇಜಿನ ಎತ್ತರ ಹೊಂದುವುದೇ ಇಲ್ಲ. ಕಾಯಿಪಲ್ಲೆ ಹೆಚ್ಚುವ ಹಗುರ ಕೆಲಸಕ್ಕೆ ಮೇಲ್ಮೈ ಮೊಣಕೈಗಿಂತ ಸ್ವಲ್ಪ ಕೆಳಗಿದ್ದರೆ ನಡೆಯುತ್ತದೆ. ಅಂಗೈಯಿಂದ ಬಲ ಹಾಕಿ ಬಡಿಯುವ ಕೆಲಸಕ್ಕೆ ಅದು ಮೊಣಕೈಗಿಂತ 15 ಸೆಂಟಿಮೀಟರಿಗೂ ಹೆಚ್ಚು ತಗ್ಗಿನಲ್ಲಿರಬೇಕು, ಇಲ್ಲದಿದ್ದರೆ ಹೆಗಲು ನೋಯುತ್ತದೆ. ಅವ್ವ ನಿಂತು ರೊಟ್ಟಿ ಬಡಿಯುವ ಮೇಜು ಮಾಡುವುದಾದರೆ ಅವ್ವನ ಮೊಣಕೈ ಎತ್ತರ ಅಳೆಯಿರಿ. ಅಂಗಡಿಯ ಮೇಜು ಕೊಡಲಾರದ ಸುಖ ಇದು. ಕೈಯಾರೆ ಮಾಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

“ಒಣಗಿದ ಕಟ್ಟಿಗಿ ಮತ್ತ ಹಂದಂಗಿಲ್ಲ”

ಮನೆಯಲ್ಲಿ ಮಾಡಿದ ಮೇಜು ಸೀಳುವುದಕ್ಕೆ ಮುಖ್ಯ ಕಾರಣ ಈ ನಂಬಿಕೆ. ಮರ ಎಷ್ಟೇ ಒಣಗಿರಲಿ, ಸುತ್ತಲಿನ ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹೊಸ ಮೇಜಿಗೂ ಇದು ತಪ್ಪಿದ್ದಲ್ಲ, ನೂರು ವರ್ಷದ ಬಾಗಿಲಿಗೂ ತಪ್ಪಿದ್ದಲ್ಲ.

ಆದರೆ ಈ ಹಿಗ್ಗು-ಕುಗ್ಗು ಎಲ್ಲ ದಿಕ್ಕಿಗೂ ಒಂದೇ ಅಲ್ಲ. ಎಳೆಯ ಉದ್ದಕ್ಕೆ ಅದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಜೋರು. ಅದರಲ್ಲೂ ಕಾಂಡದ ಬಳೆಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಹೆಚ್ಚು ಅಲುಗದ ಮರವೆಂದು ಹೆಸರಾದ ಸಾಗವಾನಿಯ ಲೆಕ್ಕವನ್ನೇ ಹಿಡಿಯೋಣ. ಮೂರು ಅಡಿ ಅಗಲಕ್ಕೆ ಹಲಗೆ ಜೋಡಿಸಿದ ಮೇಜಿನ ಮೇಲ್ಮೈಯಲ್ಲಿ ತೇವಾಂಶ ಶೇಕಡಾ 13ರಿಂದ 8ಕ್ಕೆ ಇಳಿದರೆ, ಕೊಯ್ದ ರೀತಿಯನ್ನು ನೋಡಿಕೊಂಡು, ಅಗಲ ಕಾಲು ಇಂಚಿಗೂ ಮೀರಿ ಕಡಿಮೆಯಾಗಬಹುದು. ಆ ಹಲಗೆಗಳನ್ನು ಕೆಳಗಿನ ಅಡ್ಡಪಟ್ಟಿಗೆ ನಾಲ್ಕೂ ಕಡೆ ಬಿಗಿಯಾಗಿ ಸ್ಕ್ರೂ ಹೊಡೆದು, ಅಂಟು ಬೇರೆ ಹಚ್ಚಿದ್ದರೆ ಕುಗ್ಗಲು ಜಾಗವೆಲ್ಲಿ? ಹಲಗೆ ನಡುವೆ ಸೀಳುತ್ತದೆ. ಆಮೇಲೆ “ಮಿಲ್ಲಿನವರು ಹಸಿ ಕಟ್ಟಿಗೆ ಕೊಟ್ಟರು” ಎಂದು ಬೈಯುತ್ತೇವೆ.

ಇದಕ್ಕೆ ಉಪಾಯ ನಮ್ಮ ಹಳೆಯ ಬಾಗಿಲುಗಳಲ್ಲೇ ಇದೆ. ಲಕ್ಷ್ಮೇಶ್ವರದ ಕಡೆಯ ಯಾವುದಾದರೂ ಹಳೆಯ ಮನೆಯ ಚೌಕಟ್ಟು ಬಾಗಿಲನ್ನು ಹತ್ತಿರದಿಂದ ನೋಡಿ. ಚೌಕಟ್ಟಿನ ಒಳಗಂಚಿಗೆ ಗಾಡಿ (ಉದ್ದನೆಯ ತೋಡು) ಕೊರೆದು, ನಡುವಿನ ಹಲಗೆಯನ್ನು ಅದರೊಳಗೆ ಸುಮ್ಮನೆ ಕೂರಿಸುವ ಪದ್ಧತಿ ಅದು. ಆ ಹಲಗೆಗೆ ಮೊಳೆಯೂ ಇಲ್ಲ, ಅಂಟೂ ಇಲ್ಲ. ಗಾಡಿಯೊಳಗೇ ಅದು ಹಿಗ್ಗಿ ಕುಗ್ಗಿಕೊಂಡಿರುತ್ತದೆ. ನಿಮ್ಮ ಕಪಾಟಿನ ಬಾಗಿಲಿಗೂ ಇದೇ ರೀತಿ ಮಾಡಿ. ಮೇಜಿನ ಮೇಲ್ಮೈಗಾದರೆ ಅಡ್ಡಪಟ್ಟಿಯ ತೂತುಗಳನ್ನು ಗುಂಡಗೆ ಕೊರೆಯದೆ ಉದ್ದುದ್ದ ಕೊರೆದು, ವಾಷರ್ ಇಟ್ಟು ಸ್ಕ್ರೂ ಹಾಕಿ. ಹಲಗೆ ಸರಿದಾಡಿದಾಗ ಸ್ಕ್ರೂ ಕೂಡ ಅದರೊಂದಿಗೆ ಸರಿಯುತ್ತದೆ. ತಂಪು ದೇಶದ, ವರ್ಷವಿಡೀ ಯಂತ್ರದಿಂದ ಹವೆ ಹದವಾಗಿಡುವ ಮನೆಗೆ ಬರೆದ ನಕ್ಷೆಗಳಲ್ಲಿ ಎಷ್ಟೋ ಸಲ ಈ ಜಾಗ ಬಿಟ್ಟಿರುವುದೇ ಇಲ್ಲ. ನಮ್ಮ ಸೀಮೆಯಲ್ಲಿ ಅದನ್ನು ಬಿಡಲೇಬೇಕು.

“ಬಿಸಲಿಗಿ ಹಾಕ್ರಿ, ಲಗೂನ ಒಣಗತೈತಿ”

ಒಣಗುತ್ತದೆ, ಬಿರುಕೂ ಬಿಡುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ನಮ್ಮ ಅಂಗಳದಲ್ಲೂ ಬೀಸುವುದು. ಹಸಿ ಹಲಗೆಯನ್ನು ಮಾರ್ಚ್ ತಿಂಗಳಿನ ಬಿಸಿಲಿಗೆ ಒಡ್ಡಿದರೆ ಮೇಲ್ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗು ಹಸಿಯಾಗಿಯೇ ಉಳಿಯುತ್ತದೆ. ಆ ಎಳೆದಾಟಕ್ಕೆ ಸೀಳು ಬೀಳುತ್ತದೆ. ತುದಿಗಳಲ್ಲಂತೂ ನೀರು ಉಳಿದ ಕಡೆಗಿಂತ ಬಲು ವೇಗವಾಗಿ ಹೊರಬೀಳುವುದರಿಂದ ಬಿರುಕು ಅಲ್ಲಿಂದಲೇ ಶುರು. ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಎತ್ತರಿಸಿ, ನಡುನಡುವೆ ಒಂದೇ ದಪ್ಪದ ಪಟ್ಟಿ ಕೊಟ್ಟು ಒಂದರ ಮೇಲೊಂದು ಒಟ್ಟಬೇಕು, ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಬೇಕು. ಒಣಗಿತೇ ಎಂದು ತಿಳಿಯಲು ತೇವ ಅಳೆಯುವ ಯಂತ್ರವೇ ಬೇಕೆಂದಿಲ್ಲ. ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಆ ಹಲಗೆ ಸುತ್ತಲಿನ ಹವೆಗೆ ಹೊಂದಿಕೊಂಡಿದೆ ಎಂದರ್ಥ.

ಇದಕ್ಕೆ ಸೇರಿದ ಇನ್ನೊಂದು ಅನುಮಾನ: ಹಿರಿಯರು ಜಾಲಿ ದಿಮ್ಮಿಯನ್ನು ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದರು, ಅದು ಕೊಳೆಯುವುದಿಲ್ಲವೇ? ಇಲ್ಲ. ಮರ ಕೊಳೆಸುವ ಬೂಷ್ಟಿಗೆ ಗಾಳಿ ಬೇಕು, ಪೂರ್ತಿ ಮುಳುಗಿದ ದಿಮ್ಮಿಯಲ್ಲಿ ಅದಕ್ಕೆ ಗಾಳಿ ಸಿಗುವುದಿಲ್ಲ. ಮೇಲಾಗಿ, ಹಿಟ್ಟು ಉದುರಿಸುವ ಹುಳುಗಳಿಗೆ ಬೇಕಾದ ಪಿಷ್ಟ ನೀರಿನಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ಹಿರಿಯರ ಪದ್ಧತಿಗೆ ಗಟ್ಟಿಯಾದ ಕಾರಣವಿತ್ತು.

“ಸಾಗವಾನಿ ಅಂದಮ್ಯಾಲೆ ಮುಗೀತು, ಬ್ಯಾವಿಗಂತೂ ಹುಳ ಹತ್ತಂಗೇ ಇಲ್ಲ”

ಸಾಗವಾನಿಯ ಗುಣ ಇರುವುದು ನಡುವಿನ ಗಾಢ ಬಣ್ಣದ ಕೆಚ್ಚಿನಲ್ಲಿ. ಗೆದ್ದಲಿಗೆ ಒಗ್ಗದ ರಾಸಾಯನಿಕಗಳು ತುಂಬಿರುವುದು ಅಲ್ಲಿ. ಸುತ್ತಲಿನ ಬಿಳಿ ಭಾಗಕ್ಕೆ ಆ ಶಕ್ತಿಯಿಲ್ಲ. ಎಳೆಯ ಮರದಲ್ಲಿ ಈ ಬಿಳಿ ಭಾಗವೇ ಹೆಚ್ಚು. ಹೆಸರು ಸಾಗವಾನಿ, ಬೆಲೆ ಸಾಗವಾನಿಯದು, ಆದರೆ ಹಲಗೆಯ ಅರ್ಧ ಬಿಳಿ ಎಂದಾದರೆ ನೀವು ಹುಳುವಿನ ಊಟಕ್ಕೆ ದುಡ್ಡು ಕೊಟ್ಟಂತೆ. ಬೇವಿನದೂ ಇದೇ ಕಥೆ: ಕೆಚ್ಚು ತಕ್ಕಮಟ್ಟಿಗೆ ತಡೆಯುತ್ತದೆ, ಬಿಳಿ ಭಾಗಕ್ಕೆ ಹುಳು ಬೀಳುತ್ತದೆ. ಬೇವಿನ ಎಳೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ರಂದಾ ಹೊಡೆಯುವಾಗ ಕಿತ್ತು ಬರುತ್ತದೆ, ಚೂಪಾದ ಉಳಿಯೂ ತಾಳ್ಮೆಯೂ ಬೇಕು.

ಇನ್ನು ಬಳ್ಳಾರಿ ಜಾಲಿ. ಹಳ್ಳದ ದಂಡೆ, ಬೀಳು ಹೊಲ, ರಸ್ತೆಯ ಬದಿ ಎಲ್ಲ ಹಬ್ಬಿಕೊಂಡ ಈ ಮರ ಒಲೆಗಷ್ಟೇ ಲಾಯಕ್ಕು ಎಂಬ ತೀರ್ಪು ಅನ್ಯಾಯದ್ದು. ಅದರ ಕೆಚ್ಚು ಗಟ್ಟಿ, ಬಣ್ಣ ಚೆಲುವು, ಹಿಗ್ಗು-ಕುಗ್ಗು ಅನೇಕ ಹೆಸರಾಂತ ಮರಗಳಿಗಿಂತ ಕಡಿಮೆ. ಕೊರತೆಯೂ ಇದೆ. ಬೊಡ್ಡೆ ಗಿಡ್ಡ, ಸೊಟ್ಟ. ಬಿಳಿ ಭಾಗಕ್ಕೆ ಹುಳು ಬಲು ಬೇಗ ಬೀಳುತ್ತದೆ. ಆರಡಿ ಮಂಚಕ್ಕೆ ಇದನ್ನು ಹುಡುಕಬೇಡಿ. ಸ್ಟೂಲು, ಮಣೆ, ಉಳಿಯ ಹಿಡಿಕೆ, ಸಣ್ಣ ಪೆಟ್ಟಿಗೆ ಇಂಥ ಗಿಡ್ಡ ತುಂಡಿನ ಕೆಲಸಕ್ಕೆ ಬಿಳಿ ಭಾಗ ಕೊಯ್ದು ತೆಗೆದು ಬಳಸಿದರೆ ಕಲಿಯುವವರಿಗೆ ಇದರಷ್ಟು ಅಗ್ಗದ ಒಳ್ಳೆಯ ಮರ ಸಿಗದು.

ಹೊಲದಲ್ಲಿ ಬೆಳೆದದ್ದು ನಮ್ಮದೇ, ಕೇಳುವವರು ಯಾರು ಎಂದು ಕೊಡಲಿ ಎತ್ತುವವರು ಒಂದು ಮಾತು ನೆನಪಿಡಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಮೀನಿನ ಮರ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ನೀಲಗಿರಿ, ಸರ್ವೆ, ತೆಂಗಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕಪ್ಪತಗುಡ್ಡವಂತೂ 2019ರಿಂದ ವನ್ಯಜೀವಿ ಧಾಮ.

“ಅಂಟಿನ ಮ್ಯಾಲೆ ಭರವಸೆ ಇಲ್ಲ, ನಾಲ್ಕು ಮಳಿ ಬಡೀರಿ”

ಎಳೆಯ ಉದ್ದಕ್ಕೆ ಹಲಗೆಗೆ ಹಲಗೆ ಸರಿಯಾಗಿ ಕೂಡಿಸಿ, ಬಿಳಿ ಅಂಟು ಹಚ್ಚಿ, ಕ್ಲ್ಯಾಂಪ್ ಬಿಗಿದು ಒಣಗಿಸಿದರೆ, ಬಲ ಹಾಕಿ ಮುರಿದಾಗ ಸಾಮಾನ್ಯವಾಗಿ ಮರವೇ ಮುರಿಯುತ್ತದೆ, ಅಂಟು ಬಿಡುವುದಿಲ್ಲ. ಮುಂಡರಗಿಯಾಚೆ ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಹುಣಸೆಬೀಜದ ಅಂಟನ್ನೇ ನೆಚ್ಚಿ ಬಂದವರು. ಅಂಟು ಸೋಲುವುದು ಹಲಗೆಯ ಕೊಯ್ದ ತುದಿಗೆ ಹಚ್ಚಿದಾಗ. ಅಲ್ಲಿ ಬಾಯಿ ತೆರೆದ ಎಳೆಗಳು ಅಂಟನ್ನು ಹೀರಿಬಿಡುತ್ತವೆ. ಮೇಜಿನ ಕಾಲಿಗೆ ಅಡ್ಡಪಟ್ಟಿ ಸೇರುವ ಕಡೆ ಇದೇ ತೊಡಕು.

ಅಲ್ಲಿ ಮೊಳೆಯೂ ಬಹಳ ದಿನ ಹಿಡಿಯುವುದಿಲ್ಲ, ಮರ ಹಿಗ್ಗಿ ಕುಗ್ಗುತ್ತ ಅದನ್ನು ಸಡಿಲಿಸುತ್ತದೆ. ಒಗರು ಹೆಚ್ಚಿರುವ ಜಾಲಿಯಂಥ ಮರದಲ್ಲಿ ಕಬ್ಬಿಣಕ್ಕೆ ತೇವ ತಗುಲಿದರೆ ಸುತ್ತಲೂ ಕಪ್ಪು ಕಲೆ ಏಳುತ್ತದೆ. ಒಂದು ತುಂಡಿಗೆ ಚೌಕ ತೂತು, ಇನ್ನೊಂದರ ತುದಿಗೆ ಅದಕ್ಕೊಪ್ಪುವ ನಾಲಿಗೆ, ಬೇಕಾದರೊಂದು ಬೆಣೆ: ಬೆಟಗೇರಿಯ ನೇಕಾರರ ಮರದ ಮಗ್ಗ ದಿನವಿಡೀ ಬಡಿತ ತಡೆದು ನಿಲ್ಲುವುದು ಇಂಥ ಜೋಡಣೆಯ ಬಲದಿಂದ. ಚಕ್ಕಡಿಯ ಗಾಲಿಯಲ್ಲಿ ಅರಗಳು ನಡುವಿನ ಗುಂಬಕ್ಕೆ ಸೇರುವುದೂ ಹಾಗೆಯೇ. ನಕ್ಷೆ ಬರೀ ಸ್ಕ್ರೂ ತೋರಿಸಿದ್ದರೂ ಕಾಲುಗಳಿರುವ ಯಾವ ಸಾಮಾನಿಗೂ ಈ ಜೋಡಣೆ ಕಲಿತು ಹಾಕಿ ಎಂಬುದು ನನ್ನ ಖಚಿತ ಸಲಹೆ. ಸ್ಕ್ರೂ ಹಾಕುವ ಕಡೆ ಮೊದಲು ಸಣ್ಣ ತೂತು ಕೊರೆದುಕೊಳ್ಳಿ, ಗಟ್ಟಿ ಮರ ಸೀಳುವುದು ತಪ್ಪುತ್ತದೆ.

“ಯಾವ ಎಣ್ಣಿ ಆದ್ರೇನು, ಹಚ್ಚಿದ್ರ ಆತು”

ಶೇಂಗಾ ಎಣ್ಣೆ ಮನೆಯಲ್ಲಿದೆಯೆಂದು ಮರಕ್ಕೆ ಹಚ್ಚಬೇಡಿ. ಅದು ಗಟ್ಟಿಯಾಗುವುದಿಲ್ಲ, ಜಿಗುಟಾಗಿ ಉಳಿದು ಧೂಳು ಹಿಡಿದು ಕೊನೆಗೆ ಕಮಟು ವಾಸನೆ ಬರುತ್ತದೆ. ತೆಂಗಿನೆಣ್ಣೆಯೂ ಒಣಗದು. ಮರಕ್ಕೆ ಬೇಕಾದದ್ದು ಗಾಳಿಗೆ ತಾನೇ ಗಟ್ಟಿಯಾಗುವ ಎಣ್ಣೆ. ಅಂಥದ್ದು ನಾವು ಚಟ್ನಿಪುಡಿ ಮಾಡಿಕೊಂಡು ತಿನ್ನುವ ಅಗಸಿಯಲ್ಲೇ ಇದೆ. ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ದಿನಗಟ್ಟಲೆ ಒಣಗಲು ಬಿಟ್ಟು ಮತ್ತೆ ಹಚ್ಚಬೇಕು. ಇಲ್ಲೊಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುವಾಗಿನ ಕಾವು ಒಳಗೇ ಸಿಕ್ಕಿಕೊಂಡು ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಅದನ್ನು ಹೊರಗೆ ಹರವಿ ಒಣಗಿಸಿ.

ವಾರ್ನಿಷ್ ಬಳಿದರೆ ಗೆದ್ದಲು ಬರುವುದಿಲ್ಲ ಎಂಬುದೂ ಸುಳ್ಳು. ವಾರ್ನಿಷ್ ಮೇಲ್ಮೈಯ ಹೊದಿಕೆ ಮಾತ್ರ. ತೇವದ ಓಡಾಟವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಹುಳುವಿಗೆಂದು ಸೀಮೆಎಣ್ಣೆ ಬಳಿದರೆ ಅದೂ ಆರಿಹೋಗುತ್ತದೆ. ಹುಳುವಿಗೆ ಅಂಜುವವರು ಕೆಲಸ ಶುರುಮಾಡುವ ಮೊದಲೇ ಮರಕ್ಕೆ ಬೋರಾಕ್ಸ್-ಬೋರಿಕ್ ಆಮ್ಲದ ದ್ರಾವಣ ಕುಡಿಸಿ ಒಣಗಿಸಬೇಕು.

ಪ್ಲೈವುಡ್ ಎಂದರೆ ಕಳಪೆ ಎನ್ನುವವರಿಗೆ ಚಿಕ್ಕ ಉತ್ತರ. ಪದರಗಳ ಎಳೆಯನ್ನು ಅಡ್ಡ-ಉದ್ದ ಜೋಡಿಸಿರುವುದರಿಂದ ಅದು ಹಿಗ್ಗಿ ಕುಗ್ಗುವುದು ತೀರ ಕಡಿಮೆ. ಅಗಲವಾದ ಮೇಲ್ಮೈಗೆ, ಕಪಾಟಿನ ಬೆನ್ನಿಗೆ ಹಲಗೆಗಿಂತ ಅದೇ ಮೇಲು. “ವಾಟರ್‌ಪ್ರೂಫ್” ಎಂಬ ಬರಹವನ್ನಷ್ಟೇ ನೋಡಿ ಕೊಳ್ಳಬೇಡಿ, ಐಎಸ್‌ಐ ಗುರುತಿನ ಜೊತೆಗಿರುವ ಸಂಖ್ಯೆ ನೋಡಿ: ನೀರು ತಾಗುವ ಕಡೆಗೆ ಐಎಸ್ 710, ಒಣ ಕೋಣೆಗೆ ಐಎಸ್ 303.

ಕೈಯಾರೆ ಮಾಡಿದರೆ ಅಗ್ಗ ಎಂದು ನಂಬಿ ಇಳಿಯುವವರಿಗೂ ನಿರಾಸೆ ಕಾದಿದೆ. ರಂದಾ, ಉಳಿ, ಗರಗಸ, ಕ್ಲ್ಯಾಂಪ್, ಮೂಗಿಗೆ ಒಳ್ಳೆಯ ಮಾಸ್ಕ್ ಎಲ್ಲ ಸೇರಿಸಿದರೆ ಮೊದಲ ಸ್ಟೂಲು ಅಂಗಡಿಯದಕ್ಕಿಂತ ತುಟ್ಟಿಯೇ. ಮಾಸ್ಕ್ ಉಳಿತಾಯ ಮಾಡುವ ಬಾಬತ್ತಲ್ಲ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ವರ್ಗೀಕರಿಸಿದೆ.

ಕಡೆಯದಾಗಿ, ನಾವೇ ಮಾಡಿಕೊಂಡರೆ ಬಡಿಗೇರರ ಅನ್ನಕ್ಕೆ ಕಲ್ಲು ಎಂಬ ಅಳುಕು. ಹಾಗಾಗಬೇಕಿಲ್ಲ. ದಿಮ್ಮಿ ಆರಿಸುವುದು, ಕೊಯ್ಯಿಸುವುದು, ದಪ್ಪ ರಂದಾ, ಮೊದಲ ಚೌಕ ತೂತು ಇವಕ್ಕೆಲ್ಲ ಅವರ ಕೈ ಬೇಕೇ ಬೇಕು. ಮರ ಕೊಳ್ಳುವ ಮೊದಲು ನಿಮ್ಮ ನಕ್ಷೆಯನ್ನು ಓಣಿಯ ಬಡಿಗೇರರ ಮುಂದಿಡಿ, ಎಲ್ಲಿ ಸೀಳುತ್ತದೆ, ಎಲ್ಲಿ ಅಲುಗುತ್ತದೆ ಎಂದು ಕೇಳಿ, ಆ ಸಲಹೆಗೆ ತಕ್ಕ ಕೂಲಿಯನ್ನೂ ಕೊಡಿ.