ಮೇಲ್ಮುದ್ದೆಯ ಮನೆಯ ತಂಪು

ಯಾದಗಿರಿ ಜಿಲ್ಲೆಯ ಪೂರ್ವದಂಚಿನ ಕಡೇಚೂರಿನ ಸುತ್ತಣ ಬಯಲಿನಲ್ಲಿ ಬೇಸಗೆಯ ಉಷ್ಣತಾಮಾನವು 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಸಾಮಾನ್ಯ. ಆದರೂ ಈ ಸೀಮೆಯ ಹಳೆಯ ಮೇಲ್ಮುದ್ದೆಯ ಮನೆಗಳ ಪಡಸಾಲೆಯಲ್ಲಿ ನಡುಹಗಲು ಸುಖವಾಗಿ ಕುಳಿತಿರಬಹುದು. ಮಣ್ಣು ಸ್ವಭಾವತಃ ತಂಪಾದುದೆಂದು ಇದಕ್ಕೆ ಕಾರಣ ಹೇಳುವುದುಂಟು. ಈ ಮಾತು ಅಷ್ಟು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಮಣ್ಣು ತಂಪಲ್ಲ, ನಿಧಾನ.

ಮೊದಲು ರಚನೆಯನ್ನು ನೋಡೋಣ. ಕಲ್ಲು ಮಣ್ಣುಗಳ ಗೋಡೆ ಎರಡು ಮೂರು ಅಡಿ ದಪ್ಪವಿರುತ್ತದೆ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಒತ್ತಾಗಿ ಹರಡಿದ ಕಟ್ಟಿಗೆ ಸೊಪ್ಪುಗಳು. ಇವೆಲ್ಲದರ ಮೇಲೆ ಬಡಿದು ಗಟ್ಟಿಮಾಡಿದ ಮಣ್ಣು. ಮೇಲ್ಪದರಕ್ಕೆ ಬೇಕಾದುದು ಸವಳು ಮಣ್ಣು. ಹೊಲದಲ್ಲಿ ಬೆಳೆಗೆ ಶತ್ರುವಾದ ಈ ಮಣ್ಣು ಮಾಳಿಗೆಯ ಮೇಲೆ ಮಿತ್ರನಾಗುವುದು ವಿನೋದವಾಗಿದೆ. ಅದರಲ್ಲಿರುವ ಸೋಡಿಯಮ್ಮು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಮಳೆ ಬಿದ್ದಾಗ ಆ ಕಣಗಳು ರಂಧ್ರಗಳಲ್ಲಿ ಕುಳಿತು ನೀರಿನ ದಾರಿಯನ್ನು ಮುಚ್ಚುತ್ತವೆ. ಎರೆಮಣ್ಣು ಇದಕ್ಕೆ ಒದಗದು. ಅದು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ.

ಇನ್ನು ತಂಪಿನ ಮಾತು. ಮಾಳಿಗೆಗೆ ಬಿದ್ದ ಬಿಸಿಲಿನ ಶಾಖವು ಅಲೆಯಂತೆ ಕೆಳಗಿಳಿಯುತ್ತದೆ. ಒಣಮಣ್ಣಿನಲ್ಲಿ ಪ್ರತಿ ನಾಲ್ಕೈದು ಅಂಗುಲ ಇಳಿಯುವುದಕ್ಕೆ ಈ ಅಲೆಗೆ ಸುಮಾರು 4 ಗಂಟೆ ಹಿಡಿಯುವುದಲ್ಲದೆ, ಅಷ್ಟರಲ್ಲಿ ಅದರ ಏರಿಳಿತವು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮಣ್ಣು ಒಂದು ಅಡಿ ದಪ್ಪವಿದ್ದರೆ, ಮಧ್ಯಾಹ್ನ 2 ಗಂಟೆಯ ಶಾಖ ಒಳಮೈಯನ್ನು ಮುಟ್ಟುವಾಗ ನಡುರಾತ್ರಿಯಾಗಿರುತ್ತದೆ. ಅದೂ ಬಹುಮಟ್ಟಿಗೆ ಕ್ಷೀಣಿಸಿ. ನಾಲ್ಕೂವರೆ ಅಂಗುಲದ ಕಾಂಕ್ರೀಟು ಚಾವಣಿಯಾದರೆ ಅದೇ ಶಾಖವನ್ನು ಸುಮಾರು 3 ಗಂಟೆಯಲ್ಲಿ ಒಳಕ್ಕೆ ದಾಟಿಸುತ್ತದೆ. ತಗಡಿನ ವಿಷಯ ಹೇಳಬೇಕಾದುದೇ ಇಲ್ಲ.

ಉತ್ತರ ಧ್ರುವದ ಸಮೀಪದ ಇನುಯಿಟ್ ಜನರು ಕಟ್ಟುತ್ತಿದ್ದ ಹಿಮದ ಮನೆಯೊಡನೆ ಹೋಲಿಸಿದರೆ ಇದರ ಮರ್ಮ ಇನ್ನೂ ಸ್ಪಷ್ಟವಾದೀತು. ಅಲ್ಲಿ ಹಿಮದ ಕಣಗಳ ನಡುವೆ ಸಿಕ್ಕಿಬಿದ್ದ ಗಾಳಿಯು ಶಾಖವನ್ನು ಹೊರಬಿಡದೆ ತಡೆಯುತ್ತದೆ. ಬಾಗಿಲು ತಗ್ಗಿನಲ್ಲಿ, ಮಲಗುವ ಜಗಲಿ ಎತ್ತರದಲ್ಲಿ ಇರುವುದರಿಂದ ಸೀಲ್ ಕೊಬ್ಬಿನ ದೀಪದಿಂದಲೂ ಜನರ ಮೈಯಿಂದಲೂ ಕಾದ ಗಾಳಿ ಮೇಲೆಯೇ ಉಳಿಯುತ್ತದೆ. ಅಲ್ಲಿಯ ಚಳಿ ಹಗಲಿರುಳೂ ಬಿಡದೆ ಇರುವಂಥದು. ಅದನ್ನು ಕೆಲವು ಗಂಟೆ ತಡಮಾಡಿ ಪ್ರಯೋಜನವಿಲ್ಲ. ನಮ್ಮ ಬಯಲಿನ ಬಿಸಿಲಾದರೋ ಸಂಜೆಗೆ ಹಿಂದಿರುಗುತ್ತದೆ. ಆದುದರಿಂದ ಇಲ್ಲಿ ತಡಮಾಡಿದರೆ ಸಾಕು.

ತಡವಾಗಿ ಬಂದ ಶಾಖಕ್ಕೂ ಒಂದು ವ್ಯವಸ್ಥೆ ಬೇಕು. ಬೇಸಗೆಯ ರಾತ್ರಿ ಮನೆಮಂದಿ ಮಾಳಿಗೆಯ ಮೇಲೆ ಮಲಗುವುದು, ಬೆಳಕಿಂಡಿಯ ಮುಚ್ಚಳವನ್ನು ಸರಿಸಿ ಬಿಸಿಗಾಳಿಯನ್ನು ಹೊರಬಿಡುವುದು ಕೇವಲ ರೂಢಿಗಳಲ್ಲ. ಇವು ಆ ಮನೆಯ ರಚನೆಯ ಭಾಗಗಳೇ ಸರಿ.

ಆದರೆ ಇದೇ ಮಣ್ಣು ಅಪಾಯವೂ ಹೌದು. 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಬಹುಸಂಖ್ಯೆಯಲ್ಲಿ ಕುಸಿದುವು. ಒಂದು ಅಡಿ ದಪ್ಪದ ಮಣ್ಣು ಚದರಡಿಗೆ ಸುಮಾರು 45 ಕಿಲೋ ತೂಗುತ್ತದೆ. ನೆನೆದರೆ ಇನ್ನೂ ಹೆಚ್ಚು. ಹಳೆಯದನ್ನು ಕೆರೆದು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣನ್ನು ಹೇರುತ್ತ ಹೋದರೆ, ಒಳಗೆ ಗೆದ್ದಲು ಹಿಡಿದ ಜಂತಿ ಎಷ್ಟನ್ನೆಂದು ಹೊತ್ತೀತು? ಮಳೆಗಾಲದ ರಾತ್ರಿಗಳಲ್ಲಿ ಈ ಭಯವನ್ನು ಅನುಭವಿಸಿದವರು ಕಾಂಕ್ರೀಟಿನ ಮನೆಯನ್ನು ಬಯಸಿದರೆ ಅವರನ್ನು ಆಕ್ಷೇಪಿಸಲು ನಮಗೆ ಅಧಿಕಾರವಿಲ್ಲ. ಆದರೆ ಭದ್ರತೆಗಾಗಿ ತಂಪನ್ನು ಬಿಟ್ಟುಕೊಡಲೇಬೇಕೆಂಬ ನಿಯಮವೇನೂ ಇಲ್ಲ. ಭಾರ ತಾಳುವಂತೆ ಲೆಕ್ಕಹಾಕಿ ಕಟ್ಟಿದ ಕಾಂಕ್ರೀಟು ಚಾವಣಿಯ ಮೇಲೆ, ನೀರಿಳಿಯದಂತೆ ಏರ್ಪಡಿಸಿ, ಆರೇಳು ಅಂಗುಲ ಮಣ್ಣನ್ನು ಹರಡಿದರೂ ಶಾಖದ ಬರವು ಐದಾರು ಗಂಟೆ ಹಿಂದೆ ಬೀಳುತ್ತದೆ.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಏಪ್ರಿಲ್ ತಿಂಗಳಲ್ಲಿ ಒಂದೇ ಓಣಿಯ ಮೇಲ್ಮುದ್ದೆಯ ಮನೆಯೊಂದರಲ್ಲಿಯೂ ಕಾಂಕ್ರೀಟಿನ ಮನೆಯೊಂದರಲ್ಲಿಯೂ ಚಾವಣಿಯ ಒಳಮೈಗೆ ಒಂದೊಂದು ಉಷ್ಣಮಾಪಕವನ್ನು ತಾಗಿಸಿಟ್ಟು, ಎರಡು ಗಂಟೆಗೊಮ್ಮೆ ಒಂದು ಹಗಲು ಒಂದು ರಾತ್ರಿ ಅಂಕಗಳನ್ನು ಬರೆದುಕೊಂಡರೆ ಸಾಕು. ಎರಡು ರೇಖೆಗಳ ಶಿಖರಗಳು ಎಷ್ಟು ಗಂಟೆಗಳ ಅಂತರದಲ್ಲಿವೆಯೆಂಬುದನ್ನು ವಿದ್ಯಾರ್ಥಿಗಳೇ ಅಳೆಯಬಹುದು.