ಸೈಕಲ್ ಕಡ್ಡಿ ಮುರಿಯುವುದು ಭಾರಕ್ಕೋ, ಸಡಿಲಕ್ಕೋ?

ಪ್ರಶ್ನೆ: ಹೊಸ ಸೈಕಲ್ಲಿನ ಹಿಂದಿನ ಚಕ್ರದ ಕಡ್ಡಿಗಳು ಒಂದರ ಹಿಂದೊಂದು ಮುರಿಯುವುದೇಕೆ? (ಪೆರಾಬೆಯ ಓದುಗರೊಬ್ಬರು)

ಪೆರಾಬೆಯ ಏರಿಳಿತದ ರಸ್ತೆ, ಕ್ಯಾರಿಯರ್ ಮೇಲಿನ ಹೊರೆ ಎಂದು ದೂರುವುದು ಸುಲಭ. ಆದರೆ ಮುರಿದ ಕಡ್ಡಿಯನ್ನು ನೋಡಿ: ಹೆಚ್ಚಾಗಿ ತುಂಡಾಗುವುದು ನಡುವೆ ಅಲ್ಲ, ಹಬ್ಬಿನ ತೂತಿನ ಹತ್ತಿರ ಬಾಗಿದ ಮೊಣಕೈಯಲ್ಲಿ. ಭಾರಕ್ಕೆ ಹರಿದಿದ್ದರೆ ಹಾಗಾಗುತ್ತಿರಲಿಲ್ಲ. ಬೇಲಿಯ ತಂತಿಯನ್ನು ಎಳೆದು ತುಂಡರಿಸಲಾಗದು, ಹತ್ತಾರು ಸಲ ಆಚೀಚೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಇಲ್ಲೂ ಅದೇ ಕತೆ. ಪ್ರತಿ ಸುತ್ತಿನಲ್ಲೂ ನೆಲದ ಬದಿಗೆ ಬಂದ ಕಡ್ಡಿಯ ಬಿಗಿ ಇಳಿದು ಮತ್ತೆ ಏರುತ್ತದೆ. 26 ಇಂಚಿನ ಚಕ್ರಕ್ಕೆ ಕಿಲೋಮೀಟರಿಗೆ ಸುಮಾರು 480 ಸುತ್ತು. ಕಾರ್ಖಾನೆಯಲ್ಲಿ ಅವಸರದಿಂದ ಕಟ್ಟಿದ ಅಗ್ಗದ ಚಕ್ರದಲ್ಲಿ ಕಡ್ಡಿ ಸಡಿಲವಿದ್ದರೆ, ಪ್ರತಿ ಸಲವೂ ಮೊಣಕೈ ಅಲುಗಾಡಿ ದಣಿಯುತ್ತದೆ.

ಬಿಗಿ ಮಾಡಿದರೆ ಬೇಗ ಮುರಿಯದೇ ಎಂದು ಕೇಳಬಹುದು. ಇಲ್ಲ, ಕೊಲ್ಲುವುದು ಎಳೆತವಲ್ಲ, ಏರಿಳಿತ. (ಅತಿಯಾದರೆ ರಿಮ್ಮೇ ಬಿರುಕು ಬಿಡುತ್ತದೆ ಅನ್ನಿ.) ಒಂದು ಮುರಿದಾಗ ಅದನ್ನಷ್ಟೇ ಹಾಕಿಸುವುದು ಸಾಲದು: ಉಳಿದವೂ ಅಷ್ಟೇ ಸುತ್ತು ದಣಿದಿರುತ್ತವೆ. ಮೂರನೆಯದು ಹೋದ ಮೇಲೆ ಇಡೀ ಚಕ್ರಕ್ಕೆ ಒಳ್ಳೆಯ ಕಡ್ಡಿ ಹಾಕಿಸಿ. ಬೆರಳಿನಿಂದ ಮೀಟಿದಾಗ ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು.