ಕೋಳಿ ಕರುಳಿಗೆ ಬಂದ ಹದ್ದು, ವಿಮಾನಕ್ಕೆ ಗುದ್ದು

ಕನ್ನಡದಲ್ಲಿ ಹದ್ದು, ತೆಲುಗಿನಲ್ಲಿ ಗದ್ದ, ತಮಿಳಿನಲ್ಲಿ ಪರುಂದು. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಮೂರೂ ಭಾಷೆಯ ಜನ ಇದ್ದೇವೆ. ಮೂರು ಹೆಸರೂ ನಮಗೆ ಗೊತ್ತು. ಮುಕ್ಕಾಲು ಕಿಲೋ ತೂಗುವ ಈ ಹಕ್ಕಿ ಕೋಟಿಗಟ್ಟಲೆ ಬೆಲೆಯ ವಿಮಾನವನ್ನು ನಿಲ್ಲಿಸೀತು ಅಂದರೆ ನಂಬೋದು ಕಷ್ಟ. ಆದರೆ ನಡೆದಿದೆ. 2023ರ ಜನವರಿ 23ರ ಬೆಳಗ್ಗೆ ಕೊಯಮತ್ತೂರಿನ ಪೀಳಮೇಡು ವಿಮಾನ ನಿಲ್ದಾಣದಿಂದ ಶಾರ್ಜಾಕ್ಕೆ ಹೊರಟಿದ್ದ ಏರ್ ಅರೇಬಿಯಾ ವಿಮಾನ ರನ್‌ವೇಯಲ್ಲಿದ್ದಾಗಲೇ ಎರಡು ಹದ್ದು ಎಂಜಿನ್‌ಗೆ ಬಡಿದವು. ಒಳಗೆ 164 ಪ್ರಯಾಣಿಕರು. ನೆಲ ಬಿಡುವ ಮೊದಲೇ ವಿಮಾನ ನಿಂತಿದ್ದರಿಂದ ಯಾರಿಗೂ ಅಪಾಯವಾಗಲಿಲ್ಲ.

ಇಷ್ಟು ಸಣ್ಣ ಹಕ್ಕಿಗೆ ಅಷ್ಟು ಬಲ ಎಲ್ಲಿಂದ ಬರುತ್ತದೆ? ಬಲ ಹಕ್ಕಿಯದಲ್ಲ, ವೇಗದ್ದು. ಗಂಟೆಗೆ 270 ಕಿ.ಮೀ. ಓಡುವ ವಿಮಾನಕ್ಕೆ ಮುಕ್ಕಾಲು ಕಿಲೋ ಹದ್ದು ಎದುರಾದರೆ, 50 ಕಿಲೋ ಗೊಬ್ಬರದ ಮೂಟೆ 14 ಅಡಿ ಮೇಲಿಂದ ಬಿದ್ದಷ್ಟು ಹೊಡೆತ. ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. ಅದರ ಮೇಲೆ ಎಂಜಿನ್ನಿನ ಬ್ಲೇಡುಗಳೂ ಗಿರಗಿರ ತಿರುಗುತ್ತಿರುತ್ತವೆ.

ಜೆಟ್ ಎಂಜಿನ್ ಅಂದರೆ ಗಾಳಿ ನುಂಗುವ ಯಂತ್ರ. ಮುಂದಿನ ಫ್ಯಾನು ಗಾಳಿ ಎಳೆಯುತ್ತದೆ, ಒಳಗಿನ ಕಂಪ್ರೆಸರ್ ಅದನ್ನು ಒತ್ತುತ್ತದೆ, ಆಮೇಲೆ ಇಂಧನ ಸೇರಿ ಉರಿಯುತ್ತದೆ. ಪಂಪಿನ ಇಂಪೆಲ್ಲರ್‌ಗೆ ಕಲ್ಲು ಸಿಕ್ಕರೆ ಏನಾಗುತ್ತದೆಂದು ರೈತರಿಗೆ ಹೇಳಬೇಕಿಲ್ಲ. ಇಲ್ಲೂ ಹಾಗೇ. ಬ್ಲೇಡು ಬಾಗುತ್ತದೆ, ಮುರಿದ ಚೂರು ಹಿಂದಿನ ಬ್ಲೇಡುಗಳನ್ನು ಕಡಿಯುತ್ತದೆ. ಗಾಳಿಯ ಹರಿವು ಕೆಟ್ಟರೆ ಎಂಜಿನ್ ಢಂ ಢಂ ಎಂದು ಕೆಮ್ಮಿ ಬೆಂಕಿ ಉಗುಳುತ್ತದೆ. ಹಕ್ಕಿ ಹೊರ ಸುತ್ತಿನಲ್ಲೇ ತೂರಿ ಹೋದರೆ ನಷ್ಟ ಕಡಿಮೆ. ಒಳಗಿನ ತಿರುಳಿಗೆ ಹೊಕ್ಕರೆ ಕಷ್ಟ.

ಎಂಜಿನ್ ಮಾಡುವವರು ಇದಕ್ಕೆ ಸಿದ್ಧರಾಗದೆ ಇಲ್ಲ. ಓಡುವ ಎಂಜಿನ್‌ಗೆ ಗಾಳಿ ಕೋವಿಯಿಂದ ಸತ್ತ ಹಕ್ಕಿಗಳನ್ನು ಹೊಡೆದು ಪರೀಕ್ಷೆ ಮಾಡುತ್ತಾರೆ. ಮಧ್ಯಮ ಗಾತ್ರದ ಹಕ್ಕಿಗಳು ಹೊಕ್ಕರೂ ಎಂಜಿನ್ ಮುಕ್ಕಾಲು ಪಾಲು ಶಕ್ತಿ ಕೊಡುತ್ತಿರಬೇಕು. ದೊಡ್ಡ ಹಕ್ಕಿ ಹೊಕ್ಕರೆ ನಿಂತರೂ ಸರಿ, ಸಿಡಿಯಬಾರದು. ದೊಡ್ಡ ಎಂಜಿನ್‌ಗಳಿಗೆ ಈ ಪರೀಕ್ಷೆಯ ಹಕ್ಕಿ 3.65 ಕಿಲೋ ತೂಕದ್ದು.

ಆದರೆ ಪರೀಕ್ಷೆಗೂ ಮಿತಿ ಇದೆ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹೆಬ್ಬಾತುಗಳ ಹಿಂಡು ನುಗ್ಗಿ ಎರಡೂ ಎಂಜಿನ್ ಸೋತವು. ಪೈಲಟ್ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನೂ ಉಳಿಸಿದರು. 2022ರ ಜೂನ್ 19ರಂದು ಪಟ್ನಾದಿಂದ ದೆಹಲಿಗೆ ಹೊರಟ ಸ್ಪೈಸ್‌ಜೆಟ್ ವಿಮಾನಕ್ಕೆ ಹಕ್ಕಿ ಬಡಿದು ಒಂದು ಎಂಜಿನ್ ಹೊತ್ತಿಕೊಂಡಿತು. ಇನ್ನೊಂದರ ಬಲದಿಂದ ವಾಪಸು ಬಂದು ಇಳಿಯಿತು. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ 179 ಜನ ಸತ್ತರು. ಆ ವಿಮಾನದ ಎರಡೂ ಎಂಜಿನ್‌ಗಳಲ್ಲಿ ಬಾತುಗಳ ಪುಕ್ಕ, ರಕ್ತ ಸಿಕ್ಕಿತು. ರನ್‌ವೇ ಆಚೆಯ ಕಾಂಕ್ರೀಟ್ ದಿಬ್ಬಕ್ಕೆ ಬಡಿದದ್ದೂ ಸಾವು ಹೆಚ್ಚಿಸಿತು. ಹಕ್ಕಿಯೊಂದನ್ನೇ ದೂರುವಂತಿಲ್ಲ.

ಇದೆಲ್ಲ ನಮಗೇಕೆ ಅನ್ನಬೇಡಿ. ನಮ್ಮ ಸೂಲೂರಿನಲ್ಲಿ ವಾಯುಪಡೆಯ ನೆಲೆ ಇದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ತೇಜಸ್ ವಿಮಾನಗಳ ಮೊದಲ ಪಡೆ 2018ರಲ್ಲಿ ಇಲ್ಲಿಗೆ ಬಂತು. 2020ರಲ್ಲಿ ಇನ್ನೊಂದು ಪಡೆ ಸೇರಿತು. ತೇಜಸ್‌ಗೆ ಇರೋದು ಒಂದೇ ಎಂಜಿನ್. ಅದು ನಿಂತರೆ ಆಸರೆಗೆ ಎರಡನೆಯದಿಲ್ಲ.

ಸೂಲೂರಿನಿಂದ ಸ್ವಲ್ಪ ಮುಂದೆ ಪಲ್ಲಡಂ, ಬ್ರಾಯ್ಲರ್ ಕೋಳಿಯ ದೊಡ್ಡ ಕೇಂದ್ರ. ಕೋಳಿ ಸಾಕಣೆ ನಮ್ಮ ಅನ್ನ, ಅದನ್ನು ಹಳಿಯುವ ಮಾತಿಲ್ಲ. ಆದರೆ ಫಾರಮ್ಮಿನಲ್ಲಿ ಸತ್ತ ಕೋಳಿ, ಅಂಗಡಿಯ ಕರುಳು ಪುಕ್ಕ ಎಲ್ಲಿಗೆ ಹೋಗುತ್ತವೆ? ಕತ್ತಲಾದ ಮೇಲೆ ಚೀಲ ಕಟ್ಟಿ ರಸ್ತೆ ಬದಿಗೋ ಹಳ್ಳಕ್ಕೋ ಎಸೆಯುವವರು ನಮ್ಮಲ್ಲೇ ಇದ್ದಾರೆ. ಬೆಳಗಾದರೆ ಅಲ್ಲಿ ಹದ್ದು, ಕಾಗೆ, ನಾಯಿ. ಬಿಸಿಲೇರಿದಂತೆ ಹದ್ದು ಬಿಸಿಗಾಳಿ ಹಿಡಿದು ಸುತ್ತುತ್ತಾ ಮೇಲೇರುತ್ತದೆ. ವಿಮಾನ ಏರುವ, ಇಳಿಯುವ ದಾರಿಯೂ ಅದೇ ಆಕಾಶದಲ್ಲಿದೆ.

ವಿಮಾನ ನಿಲ್ದಾಣದಿಂದ 10 ಕಿ.ಮೀ. ಒಳಗೆ ಬಯಲಲ್ಲಿ ಪ್ರಾಣಿ ಕಡಿಯಬಾರದು, ಹಕ್ಕಿ ಸೆಳೆಯುವ ಕಸ ಹಾಕಬಾರದು ಎಂದು 1937ರ ವಿಮಾನ ನಿಯಮಗಳಲ್ಲೇ ಬರೆದಿದೆ. ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ನಡೆದಾಗ ಇದರ ಬಿಸಿ ವ್ಯಾಪಾರಿಗಳಿಗೆ ತಟ್ಟಿತು. 2023ರಲ್ಲಿ 10 ಕಿ.ಮೀ., 2025ರಲ್ಲಿ 13 ಕಿ.ಮೀ. ಸುತ್ತ ಮಾಂಸದ ಅಂಗಡಿ ಮುಚ್ಚಿಸಿದರು. ಮೂರು ವಾರ ಬಾಗಿಲು ಹಾಕಿದರೆ ಸಣ್ಣ ಅಂಗಡಿಯವನು ಬಾಡಿಗೆ ಕಟ್ಟೋದು ಹೇಗೆ? ಕಸವನ್ನು ದಿನಾ ಸರಿಯಾಗಿ ಸಾಗಿಸಿದರೆ ಅಂಗಡಿ ಮುಚ್ಚಿಸುವ ಪ್ರಸಂಗವೇ ಕಡಿಮೆಯಾದೀತು.

ಹಕ್ಕಿಗಳನ್ನೇ ಓಡಿಸಿಬಿಡಿ ಅನ್ನೋದೂ ನ್ಯಾಯವಲ್ಲ. ತಿರುಪ್ಪೂರಿನ ನಂಜರಾಯನ್ ಕೆರೆ, ಗದಗ ಜಿಲ್ಲೆಯ ಮಾಗಡಿ ಕೆರೆ ಎರಡೂ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದವು. ಕೆರೆಯ ಹಕ್ಕಿ ನಮ್ಮ ಹೆಮ್ಮೆ. ಹದ್ದು ಕೂಡ ಇಲಿ ಹಿಡಿದು, ಕೊಳೆತದ್ದು ತಿಂದು ಉಪಕಾರ ಮಾಡುವ ಹಕ್ಕಿ. ಅದಕ್ಕೆ ಊಟ ಎಲ್ಲಿ ಬಡಿಸುತ್ತೇವೆ ಅನ್ನೋದು ಮಾತ್ರ ನಮ್ಮ ಕೈಲಿದೆ.

ಮಾಡಬೇಕಾದ್ದು ಹೆಚ್ಚೇನಿಲ್ಲ. ಬಾವಿ, ಬೋರ್‌ವೆಲ್‌ಗಳಿಂದ ದೂರ ಆಳದ ಗುಂಡಿ ತೋಡಿ, ಸತ್ತ ಕೋಳಿಯನ್ನು ಸುಣ್ಣ ಹಾಕಿ ಮುಚ್ಚಬೇಕು. ಅಂಗಡಿಯವರು ತ್ಯಾಜ್ಯವನ್ನು ಮುಚ್ಚಳದ ಡ್ರಮ್ಮಿನಲ್ಲಿಟ್ಟು ಗಾಡಿಗೆ ಕೊಡಬೇಕು. ಆ ಗಾಡಿ ದಿನಾ ತಪ್ಪದೆ ಬರುವಂತೆ ಪಂಚಾಯಿತಿ, ನಗರಸಭೆಯವರು ನೋಡಿಕೊಳ್ಳಬೇಕು. ಗುಂಡಿಗೆ ಒಂದು ದಿನದ ಕೂಲಿ ಖರ್ಚು. ಎಸೆದ ಚೀಲದ ಖರ್ಚನ್ನು ಆಕಾಶದಲ್ಲಿ ಯಾರೋ ಪೈಲಟ್ ತೆರಬೇಕಾಗುತ್ತದೆ.